ಏಳು ಕಾಳು ಮಂತ್ರಾಕ್ಷತೆಯ ಮೇಲಿನ ಆರೋಪ

ಕಾರು ಕಂಪನಿಯ ಗ್ರಾಹಕ ಸೇವಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ಮೂರು ವರ್ಷದ ವಾರಂಟಿ ಕೊಟ್ಟು ನೀವು ಮಾರಿದ ಕಾರಿನ ಎಂಜಿನ್ ಎರಡು ವರ್ಷ ತುಂಬುವ ಮೊದಲೇ ನಡುರಸ್ತೆಯಲ್ಲಿ ಸತ್ತಿತು. ರಿಪೇರಿಗೆಂದು ನನ್ನಿಂದ ಒಂದು ಲಕ್ಷ ಎಂಬತ್ತಾರು ಸಾವಿರ ರೂಪಾಯಿ ವಸೂಲಿ ಮಾಡಿದಿರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಗ್ರಾಹಕರ ಆಯೋಗಕ್ಕೆ ಒಂದು ಅರ್ಜಿ ಹಾಕಿ ಸುಮ್ಮನಿರುತ್ತಿದ್ದೆ. ಆದರೆ ನೀವು ತಪ್ಪನ್ನು ಎಪ್ಪತ್ತೆಂಟು ವರ್ಷದ ನನ್ನ ತಾಯಿ ಜಾನಕೀಬಾಯಿಯ ಮೇಲೆ ಹೊರಿಸಿದ್ದೀರಿ, ಅದೂ ಕಂಪನಿಯ ಮೊಹರು ಒತ್ತಿ. ಹಾಗಾಗಿ ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ.

ನಿಮ್ಮ ತಪಾಸಣಾ ವರದಿ ನನಗೆ ಬಾಯಿಪಾಠವಾಗಿದೆ. "ಎಂಜಿನ್ ಭಾಗದಲ್ಲಿ ಹಳದಿ ಬಣ್ಣದ ಏಳು ಅಕ್ಕಿಕಾಳುಗಳು ಪತ್ತೆಯಾಗಿವೆ. ಗ್ರಾಹಕರ ಕಡೆಯಿಂದ ಹೊರವಸ್ತು ಸೇರಿದ್ದೇ ಹಾನಿಗೆ ಕಾರಣ. ವಾರಂಟಿ ಅನ್ವಯಿಸುವುದಿಲ್ಲ." ಸಾಕ್ಷಿಗೆಂದು ಆ ಏಳು ಕಾಳುಗಳನ್ನು ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಹಾಕಿ, ಮೇಲೆ ಕಾರಿನ ನಂಬರು ಬರೆದು, ಬಿಲ್ಲಿಗೆ ಪಿನ್ ಹೊಡೆದು ಕೊಟ್ಟಿರಿ. ಅಬ್ಬಾ, ಎಂಥ ಶಿಸ್ತು! ಇದರ ಅರ್ಧದಷ್ಟು ಎಚ್ಚರ ಎಂಜಿನ್ ಜೋಡಿಸುವಾಗ ಇದ್ದಿದ್ದರೆ ನಿಮಗೇನು ನಷ್ಟವಾಗುತ್ತಿತ್ತು?

ಆ ಕಾಳುಗಳು ಎಲ್ಲಿಂದ ಬಂದವು ಎಂಬುದು ನಿಮಗೆ ಗೊತ್ತಿಲ್ಲವೇ? ಅವು ಮಠದಿಂದ ತಂದ ಮಂತ್ರಾಕ್ಷತೆ. ಪರೀಕ್ಷೆಗೆ ಹೊರಟ ಮಕ್ಕಳ ತಲೆಯ ಮೇಲೆ, ಹೊಸ ಹೊಲಿಗೆ ಯಂತ್ರದ ಮೇಲೆ, ಮನೆಗೆ ಬಂದ ಗ್ಯಾಸ್ ಒಲೆಯ ಮೇಲೆ ಕೂಡ ನಮ್ಮಮ್ಮ ನಾಲ್ಕು ಕಾಳು ಹಾಕದೆ ಬಿಟ್ಟವಳಲ್ಲ. ಕಾರು ಕೊಟ್ಟ ದಿನ ನಿಮ್ಮ ಶೋರೂಮಿನ ಮ್ಯಾನೇಜರೇ ಮುಂದೆ ಬಂದು, "ಅಮ್ಮಾರ, ಬಾನೆಟ್ ಎತ್ತತೀವಿ, ಎಂಜಿನ್ ಮ್ಯಾಲೇ ಹಾಕ್ರಿ, ಫೋಟೋ ಚಲೋ ಬರ್ತದ" ಎಂದರು. ಫೋಟೋ ಚಲೋ ಬಂತು. ಹತ್ತಿರಹತ್ತಿರ ಎರಡು ವರ್ಷ ಅದು ನಿಮ್ಮ ಗೋಡೆಯ ಮೇಲಿತ್ತು. ನಾನು ದೂರು ಕೊಟ್ಟ ಮರುವಾರ ಹೋದಾಗ ಅಲ್ಲಿ ಮೊಳೆ ಮಾತ್ರ ಉಳಿದಿತ್ತು.

ಇನ್ನು ಆ ದಿನದ ಮಾತು. ಕಳೆದ ಶ್ರಾವಣದಲ್ಲಿ, ಬೆಳಿಗ್ಗೆ ಹತ್ತರ ಹೊತ್ತಿಗೆ ಕಮಲಾಪುರದಿಂದ ಬಂಡು ಫೋನ್ ಮಾಡಿದ. ಅವನು ನಮ್ಮ ಮೌಶಿಯ ಮಗ. ಮೌಶಿ ಎಂದರೆ ಅಮ್ಮನ ಒಬ್ಬಳೇ ಅಕ್ಕ. "ಮೃದುಲಕ್ಕ, ಅವ್ವ ಬರೇ ಜಾನಕಿ ಜಾನಕಿ ಅನ್ನಾಕತ್ಯಾಳ. ನಿಮ್ಮ ಅಮ್ಮನ್ನ ಲಗೂ ಕರಕೊಂಡ ಬಾ" ಎಂದ. ಅಕ್ಕ ತಂಗಿ ಹಿಂದೊಮ್ಮೆ ಕಾಶಿಗೆ ಹೋದಾಗ, ಮೊದಲು ಹೊರಡುವವಳ ಬಾಯಿಗೆ ಉಳಿದವಳು ಗಂಗೆಯ ನೀರು ಬಿಡಬೇಕೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರಂತೆ. ಅಮ್ಮ ದೇವರ ಮನೆಯಿಂದ ಗಂಗೆಯ ತಾಮ್ರದ ಗಿಂಡಿ ತಂದು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಕಲಬುರಗಿಯಿಂದ ಕಮಲಾಪುರಕ್ಕೆ ಒಂದು ತಾಸಿನ ದಾರಿ.

ಮಹಾಗಾಂವ ಕ್ರಾಸ್ ದಾಟಿದ ಮೇಲೆ ಎಂಜಿನ್ ಟರ್ರ್ ಎಂದು ಸದ್ದು ಮಾಡಿ ನಿಂತುಬಿಟ್ಟಿತು. ಈ ಸದ್ದಿನ ಬಗ್ಗೆ ನಾನು ಎರಡು ಸಲ ನಿಮ್ಮ ಸರ್ವಿಸ್ ಸೆಂಟರಿಗೆ ಹೋಗಿ ಹೇಳಿದ್ದೆ. "ಏನಿಲ್ರೀ ಮೇಡಂ, ಹೊಸಾ ಗಾಡಿ, ಸೆಟ್ ಆಗಾಕತ್ತದ" ಎಂದು ಕಳಿಸಿದ್ದರು. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷದಲ್ಲಿ ಗಾಡಿ ಬರುತ್ತದೆ, ಅಲ್ಲಿಯವರೆಗೆ ನೀವು ಕಾರಿನ ಹತ್ತಿರವೇ ಇರಬೇಕು, ಬಿಟ್ಟುಹೋದರೆ ವಾರಂಟಿಗೆ ತೊಂದರೆಯಾಗುತ್ತದೆ ಎಂದಿತು ಒಂದು ಸಿಹಿ ದನಿ. ನಾನು ನಂಬಿದೆ.

ಮೊದಲನೇ ಬಸ್ಸು ಬಂತು. "ಬಸ್ಸಿಗೆ ಹೋಗೂಣೇನು?" ಎಂದು ಅಮ್ಮ ಕೇಳಿದಳು. "ತಡಿ ಅಮ್ಮಾ, ಇಪ್ಪತ್ತು ನಿಮಿಷ" ಎಂದೆ. ಎರಡನೇ ಬಸ್ಸು ಬಂತು. ಅಮ್ಮ ನನ್ನ ಮುಖ ನೋಡಿದಳು, ನಾನು ಫೋನು ನೋಡಿದೆ. ಮೂರನೆಯದು ಹೋದಾಗ ಅವಳು ಗಿಂಡಿಯನ್ನು ಸೆರಗಿನಿಂದ ಮುಚ್ಚಿಕೊಂಡಳು. ನಿಮ್ಮ ಇಪ್ಪತ್ತು ನಿಮಿಷ ಮುಗಿಯಲು ಒಂದು ತಾಸು ಐವತ್ತು ನಿಮಿಷ ಹಿಡಿಯಿತು. ನಾವು ಕಮಲಾಪುರ ಮುಟ್ಟಿದಾಗ ಮೌಶಿ ಹೋಗಿ ಅರ್ಧ ತಾಸಾಗಿತ್ತು. ಬಂಡು ಅಳುತ್ತಲೇ ಹೇಳಿದ: "ರಸ್ತಾದಾಗ ಯಾವ ಗಾಡಿ ಸಪ್ಪಳಾದ್ರೂ ಜಾನಕಿ ಬಂದ್ಲೇನು, ಜಾನಕಿ ಬಂದ್ಲೇನು ಅಂತ ಕೇಳತಿದ್ಲು."

ಆ ಗಿಂಡಿ ತೆರೆಯದೆ ವಾಪಸು ಬಂತು. ಹತ್ತನೇ ದಿನ ನಿಮ್ಮ ವರದಿ ಬಂತು. ಅಮ್ಮ ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಪೊಟ್ಟಣವನ್ನು ಬಿಲ್ಲಿನಿಂದ ಬಿಡಿಸಿಕೊಂಡು, "ನನ್ನ ಕೈಯಾರೇ ಆತಲ್ಲಽ" ಎಂದಳು. ಅಂದಿನಿಂದ ಅವಳು ಯಾರಿಗೂ ಅಕ್ಷತೆ ಹಾಕಿಲ್ಲ. ನಿಮ್ಮ ಪೊಟ್ಟಣ ಈಗ ನಮ್ಮ ದೇವರ ಮನೆಯಲ್ಲಿ ಆ ಗಿಂಡಿಯ ಪಕ್ಕದಲ್ಲಿದೆ. ದಿನಾ ಸ್ನಾನವಾದ ಮೇಲೆ ಒಮ್ಮೆ ಕಾಳು ಎಣಿಸುತ್ತಾಳೆ. ಮನೆಯ ಮುಂದೆ ಯಾವ ವಾಹನ ನಿಂತರೂ ಅವಳು ತಲೆ ಎತ್ತುತ್ತಾಳೆ, ನಾನೂ ಎತ್ತುತ್ತೇನೆ. ಇಬ್ಬರಿಗೂ ಕೇಳಿಸುವುದು ಒಂದೇ ಪ್ರಶ್ನೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನಿಮ್ಮವರು ಬದಲಿಸಿ ಕೊಟ್ಟ ಹಳೆಯ ಭಾಗಗಳನ್ನು ಚೀಲದಲ್ಲಿ ತುಂಬಿಕೊಂಡು ನಂದೂರಿನ ಮೆಕ್ಯಾನಿಕ್ ಖಮರುದ್ದೀನ್ ಅವರ ಹತ್ತಿರ ಹೋದೆ. ಅದರಲ್ಲಿದ್ದ ಎಂಜಿನ್ನಿನ ಸಡಿಲಾದ ಚೈನನ್ನು ಕೈಯಲ್ಲಿ ಹಿಡಿದು ಅವರು ನಕ್ಕೇಬಿಟ್ಟರು. "ಟೀಚರಮ್ಮ, ಈ ಚೈನ್ ಮುಚ್ಚಿದ ಡಬ್ಬ್ಯಾಗ ಇರ್ತದ. ಆಯಿಲ್ ಬಿಟ್ರ ಒಳಗ ಏನೂ ಹೋಗಂಗಿಲ್ಲ. ಅಕ್ಕಿ ಎಲ್ಲಿಂದ ಹೋಗ್ತಾವ್ರೀ? ಇದರ ಮಾಲೇ ಖರಾಬ್ ಅದ. ಇದೇ ಕಂಪನೀದು ಈ ವರ್ಷ ಇದು ಮೂರನೇ ಗಾಡಿ." ಆ ಇನ್ನೆರಡು ಗಾಡಿಗಳಲ್ಲೂ ಅಕ್ಕಿ ಸಿಕ್ಕಿತ್ತೇ, ಮಾನ್ಯರೇ? ಅಥವಾ ಅಲ್ಲಿ ಬೇರೆ ಯಾರದೋ ಅಜ್ಜಿಯ ಕುಂಕುಮ ಸಿಕ್ಕಿತೇ?

ಖಮರುದ್ದೀನ್ ಮನೆಗೇ ಬಂದು ಅಮ್ಮನಿಗೆ ತಿಳಿಸಿ ಹೇಳಿದರು. ಅವಳು ಅವರಿಗೆ ಚಹಾ ಕೊಟ್ಟು, ಎಲ್ಲ ಕೇಳಿ, ಕೊನೆಗೆ, "ನೀವು ಚಲೋ ಮಂದಿ, ನನ್ನ ಸಮಾಧಾನಕ್ಕ ಹೇಳ್ತೀರಿ. ಕಂಪನಿಯವರು ಕಾಗದದಾಗ ಬರದು ಕೊಟ್ಟಾರ" ಎಂದಳು. ಮಗಳ ಮಾತಿಗಿಂತ, ಮೆಕ್ಯಾನಿಕ್ಕಿನ ಮಾತಿಗಿಂತ ನಿಮ್ಮ ಮೊಹರಿನ ಮೇಲೆ ಅವಳಿಗೆ ನಂಬಿಕೆ. ಎಂಥ ಗ್ರಾಹಕಿ ಸಿಕ್ಕಿದ್ದಾಳೆ ನೋಡಿ ನಿಮಗೆ!

ಬರುವ ಮಾಘದಲ್ಲಿ ನನ್ನ ಮಗಳು ಶುಭಾಳ ಮದುವೆ. "ಅಕ್ಷತೀ ಹೊತ್ತಿಗೆ ನಾ ಅಡಗೀಮನ್ಯಾಗ ಇರ್ತೀನಿ, ನನ್ನ ಕೈ ಕಾಳು ಆ ಕೂಸಿನ ಮ್ಯಾಲ ಬೀಳೂದು ಬ್ಯಾಡ" ಎಂದು ಅಜ್ಜಿಯ ಹಟ. ಶುಭಾ ಅತ್ತು ಸಾಕಾಗಿದ್ದಾಳೆ.

ಆದ್ದರಿಂದ ನನ್ನ ಬೇಡಿಕೆ ಇದು. ವಸೂಲಿ ಮಾಡಿದ ಹಣ ವಾಪಸು ಕೊಡಿ, ಕೊಡದಿದ್ದರೆ ಆಯೋಗದಲ್ಲಿ ಭೇಟಿಯಾಗೋಣ. ಅದು ತಡವಾದರೂ ಆಗಲಿ. ಮದುವೆಗೆ ಮುಂಚೆ ಮಾತ್ರ ಕಂಪನಿಯ ಕಾಗದದಲ್ಲಿ, ಕನ್ನಡದಲ್ಲಿ, ನಿಮ್ಮ ಸಹಿ ಮತ್ತು ಅದೇ ಮೊಹರಿನೊಂದಿಗೆ ಒಂದು ಸಾಲು ಬರೆದು ನಮ್ಮ ತಾಯಿಯ ಹೆಸರಿಗೆ ಕಳಿಸಿ: "ಜಾನಕೀಬಾಯಿಯವರೇ, ಕಾರು ಕೆಟ್ಟಿದ್ದು ನಿಮ್ಮ ಅಕ್ಷತೆಯಿಂದಲ್ಲ."

ನನಗೆ ಅಂಥ ಕಾಗದ ಬೇಡ. ಬಸ್ಸು ನಿಲ್ಲಿಸಲು ಕೈ ಎತ್ತದಿದ್ದವಳು ನಾನು, ಅದನ್ನು ಯಾವ ಮೊಹರೂ ಅಳಿಸುವುದಿಲ್ಲ.

ಇಂತಿ,
ನೀವು ಹೇಳಿದಂತೆ ಕಾರಿನ ಹತ್ತಿರವೇ ನಿಂತಿದ್ದ ವಿಧೇಯ ಗ್ರಾಹಕಿ
ಮೃದುಲಾ
ಐವಾನ್-ಎ-ಶಾಹಿ, ಕಲಬುರಗಿ