ಮೂರೆಲೆ ಗಿಡದ ಏಳನೇ ವರ್ಷ

ಹಿತ್ತಲ ಮೆಟ್ಟಿಲಿನಿಂದ,
ಮಾರ್ಚ್ ೧೯, ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಅಕ್ಕನ ಮನೆಯಲ್ಲಿ ಬರೀ ನೆಲದ ಮೇಲೆ ಮಲಗುತ್ತೀಯಂತೆ. ಹಾಗೆ ಮಾಡಬೇಡ, ಅಲ್ಲಿ ಒಂದು ಹಾಸಿಗೆಗೂ ಗತಿಯಿಲ್ಲವೇ? ನೀನು ಕೆಲಸ ಮಾಡುವ ಕನ್ನಡಕದಂಗಡಿಗೆ ಅಲ್ಲಿಂದ ಎರಡು ಬಸ್ಸು ಹತ್ತಬೇಕೆಂದು ಕೇಳಿ ಸಂಕಟವಾಯಿತು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಗಂಡ ವರ್ಕ್‌ಶಾಪಿನಿಂದ ಬರುತ್ತಾನೆ, ಉಣ್ಣುತ್ತಾನೆ, ಗೋಡೆ ನೋಡುತ್ತಾ ಕೂರುತ್ತಾನೆ. ನನ್ನ ಫೋನನ್ನು ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವುದಿದ್ದರೆ ಪೂರ್ತಿ ಓದಿಯೇ ಹರಿ.

ಹಿತ್ತಲ ಸಂಗತಿ ಹೇಳುತ್ತೇನೆ. ಆ ಮೂರು ಮುದಿ ಮರಗಳ ಬುಡ ನಿನಗೆ ಗೊತ್ತೇ ಇದೆ, ಒಂದು ಕರವಸ್ತ್ರ ಹಾಕಿದರೂ ಒಣಗದ ನೆರಳು. ನಲವತ್ತು ವರ್ಷ ಶಾಲೆಯ ಸಮವಸ್ತ್ರ ಹೊಲಿದವಳು ನಾನು; ನೆಲದ ಮೇಲೆ ಒಂದು ದಾರದ ತುಂಡು ಬಿದ್ದಿದ್ದರೂ ನಿದ್ದೆ ಬಾರದು. ಕಳೆದ ಬೇಸಿಗೆಯ ಕೊನೆಯಲ್ಲಿ ಅಲ್ಲಿ ಗೇಣುದ್ದ ತರಗೆಲೆ, ಅದರ ಕೆಳಗೆ ಬರೀ ಮಣ್ಣು ಕಂಡಿತು. ಪಾಪ, ಹುಡುಗಿಗೆ ಪುರುಸೊತ್ತಿಲ್ಲ, ನಾನೇ ಹಸನು ಮಾಡಿಡೋಣ ಎಂದುಕೊಂಡೆ. ಗುಡಿಸಿದೆ, ಎಲೆಗೆಲ್ಲ ಬೆಂಕಿ ಹಚ್ಚಿದೆ, ಮೊಳದಾಳ ಅಗೆದು ಮೂಲಂಗಿ ಬೀಜ ಹಾಕಿದೆ. ನೀನು ಬಂದು ಹೊಗಳುತ್ತೀಯೆಂದು ಕೈ ತೊಳೆಯದೆ ಕಾದಿದ್ದೆ ಕಣೇ.

ನೀನು ಬಂದೆ, ನೋಡಿದೆ, ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೆ. "ನನ್ನ ಮೂರೆಲೆ ಗಿಡ... ಏಳು ವರ್ಷ ಆಗಿತ್ತು ಅತ್ತೆ" ಎಂದೆ, ಅಷ್ಟೇ. ನಾನು ಸುಮ್ಮನಿರಬೇಕಿತ್ತು. ಇದ್ದೆನೇ? "ಅಯ್ಯೋ, ಒಂದು ಗಿಡಕ್ಕೆ ಇಷ್ಟು ರಾದ್ಧಾಂತನಾ? ಇನ್ನೊಂದು ತಂದರಾಯ್ತು ಬಿಡು" ಎಂದೆ. ಎರಡು ದಿನಕ್ಕೆ ನೀನು ಚೀಲ ಕಟ್ಟಿದೆ. ಊರೆಲ್ಲ ನನ್ನ ಸೊಸೆಗೆ ಮೂಗಿನ ತುದಿಯಲ್ಲಿ ಸಿಟ್ಟು ಎಂದು ಹೇಳಿಕೊಂಡು ತಿರುಗಿದವಳೂ ನಾನೇ.

ಆಮೇಲೆ ನರ್ಸರಿಯ ತಾತನ ಹತ್ತಿರ ಹೋದೆ. ಆತ ತಲೆ ಚಚ್ಚಿಕೊಂಡ. ನಮ್ಮ ಕಾಡಿನದೇ ಹೂವಂತೆ ಅದು, ಮೂರೆಲೆ, ನೆರಳಿಲ್ಲದಿದ್ದರೆ ಬದುಕದು. ಬೀಜ ಹಾಕಿದ ಮೊದಲ ವರ್ಷ ಬರೀ ಬೇರು, ಮರುವರ್ಷ ಒಂದೆಲೆ, ಎಷ್ಟೋ ಕಾಲದ ಮೇಲೆ ಮೂರೆಲೆ, ಏಳನೇ ವರ್ಷಕ್ಕೆ ಹೂವು. ಬೇಸಿಗೆ ಬಲಿಯಿತೆಂದರೆ ಮಣ್ಣೊಳಗೆ ಅಡಗಿಬಿಡುತ್ತದಂತೆ. "ಸತ್ತಿರಲಿಲ್ಲ ತಾಯಿ, ಮಲಗಿತ್ತು" ಎಂದ. ಮಾರನೇ ದಿನ ಮೂಲಂಗಿಯನ್ನೆಲ್ಲ ಕಿತ್ತೆಸೆದು, ಹಿಟ್ಟಿನ ಜರಡಿಯಲ್ಲಿ ಮಣ್ಣು ಜರಡಿ ಹಿಡಿದೆ. ಇಪ್ಪತ್ತಮೂರು ಗಿಡವಿತ್ತೆಂದು ನಿನ್ನ ಗಂಡ ಹೇಳಿದ. ಗುದ್ದಲಿಯ ಏಟಿಗೆ ತುಂಡಾದ ಹನ್ನೊಂದು ಬೇರು ಸಿಕ್ಕವು. ತಾತ ಹೇಳಿದಂತೆ ನೆಟ್ಟು, ಪಕ್ಕದ ಉದ್ಯಾನದಿಂದ ನಾಲ್ಕು ಮೂಟೆ ತರಗೆಲೆ ಹೊತ್ತು ತಂದು ಹೊದಿಸಿದೆ. ಕಾವಲುಗಾರ ನನಗೆ ಹುಚ್ಚೆಂದುಕೊಂಡ. ಕೆಟ್ಟ ಮೇಲೆ ಬುದ್ಧಿ ಬಂತು, ಏನು ಮಾಡಲಿ?

ಎರಡು ಬಂದಿವೆ. ಎರಡಕ್ಕೂ ಒಂದೊಂದೇ ಎಲೆ, ಹೂವಿನ ಮಾತೇ ಇಲ್ಲ. ಮೂರನೆಯದೊಂದರ ತುದಿ ಮಣ್ಣಿನಿಂದ ಹೊರಬಂದು ಕೊಳೆಯಿತು. ಇವು ಹೂ ಬಿಡುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ.

ಹೋದ ಭಾನುವಾರ ಆ ಕೊಳೆತದ್ದನ್ನು ಎತ್ತುವಾಗ ನಿನ್ನ ಗಂಡ ಬಾಯಿ ಬಿಟ್ಟ. "ಆಸ್ಪತ್ರೆಯಿಂದ ಬರಿಗೈಲಿ ಬಂದ ವಾರಾನೇ ಆ ಬೀಜ ಹಾಕಿದ್ಲು ಅಮ್ಮಾ" ಎಂದ. ಈ ಮೆಟ್ಟಿಲ ಮೇಲೆ ಬಂದು ಕೂತೆ. ಆ ವಾರ ನಿನ್ನ ಮಂಚದ ಪಕ್ಕ ನಿಂತು ನಾನು ಹೇಳಿದ್ದು ನೆನಪಾಯಿತು: "ಅಳಬೇಡ, ಇನ್ನೊಂದು ಆಗುತ್ತೆ ಬಿಡು." ಆಗಲಿಲ್ಲ. ಏಳು ವರ್ಷದ ಮೇಲೆ ಅದೇ ಮಾತನ್ನು ಮತ್ತೆ ನಿನ್ನ ಮುಖಕ್ಕೆ ಎಸೆದೆನಲ್ಲ! ನನ್ನ ನಾಲಿಗೆಗೆ ಬೆಂಕಿ ಬೀಳಲಿ. ನೀನು ಸಿಟ್ಟಿನಿಂದ ಹೋದದ್ದಲ್ಲವೆಂದು ಈಗ ಗೊತ್ತಾಗಿದೆ. ತಪ್ಪಾಯಿತು ಮಗಳೇ. ಬಾ ಎನ್ನಲು ನನಗೆ ಮುಖವಿಲ್ಲ, ಆದರೂ ಬಾ ಎನ್ನುತ್ತೇನೆ.

ನಿನ್ನ ಅಕ್ಕ ಭಾವನನ್ನು ಕೇಳಿದೆನೆಂದು ಹೇಳು. ನಿನಗೆ ಒಳ್ಳೆಯದಾಗಲಿ, ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ನಿನ್ನ ಅತ್ತೆ

ಮರೆತೆ, ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಈ ಮನೆಯಲ್ಲಿ ಯಾರೂ ಆ ಕೂಸಿನ ಮಾತೆತ್ತಕೂಡದೆಂದು ಅವತ್ತು ಕಟ್ಟಪ್ಪಣೆ ಮಾಡಿದವಳು ನಾನು. ಹೆಣ್ಣೆಂದು ದಾದಿ ಹೇಳಿದ್ದಳು. ನೀನು ಒಂದು ಹೆಸರು ಇಟ್ಟಿರಬೇಕಲ್ಲ? ನಿನ್ನ ಗಂಡನನ್ನು ಕೇಳಿದರೆ "ಅವಳನ್ನೇ ಕೇಳು" ಎಂದ. ನೀನು ಬಾರದಿದ್ದರೂ ಅದೊಂದನ್ನು ಬರೆದು ಕಳಿಸು. ನನ್ನ ಮೊಮ್ಮಗಳನ್ನು ಏನೆಂದು ಕರೆಯಬೇಕೋ ನನಗೆ ಇನ್ನೂ ಗೊತ್ತಿಲ್ಲ.