ಬಿಸಿಲಿಗೆ ಸತ್ತ ಮೀನು

ಛತ್ರಪತಿ ಸಂಭಾಜಿನಗರ
18 ಜುಲೈ 2025, ಶುಕ್ರವಾರ

ಸಂಗಮನಾಥ ಅವರಿಗೆ ಜಯಮಾಲಾ ಮಾಡುವ ಶರಣು.

ನಾಸಿಕದಿಂದ ನೀವು ಬರೆದ ಪತ್ರ ಮಂಗಳವಾರ ಮುಟ್ಟಿತು. ಕಂಪನಿ ಅಲ್ಲಿ ಮನೆ ಕೊಟ್ಟಿದೆ, ಗಂಗಾಪುರ ಅಣೆಕಟ್ಟಿನ ನೀರು ಸಿಹಿಯಾಗಿದೆ, ಆದದ್ದನ್ನು ಮರೆತು ಬಾ ಎಂದಿದ್ದೀರಿ. ಮದುವೆಯಾದ ಹನ್ನೊಂದು ವರ್ಷದಲ್ಲಿ ನಿಮ್ಮ ಮೊದಲ ಪತ್ರ. ಎರಡು ಸಲ ಓದಿದೆ.

ಗಂಡನ ಹೊಟ್ಟೆಯ ಮೇಲೆ ಹೊಡೆಯುವಂಥ ವರದಿ ಯಾಕೆ ಬರೆದೆ ಎಂದೂ ಕೇಳಿದ್ದೀರಿ. ಹೇಳುತ್ತೇನೆ.

ಮೇ ಇಪ್ಪತ್ತೆರಡಕ್ಕೆ ಮೀನುಗಾರ ಮಧುಕರ ಬಕೆಟ್ ಹಿಡಿದು ನೀರು ಪರೀಕ್ಷಿಸುವ ನಮ್ಮ ಸರ್ಕಾರಿ ಪ್ರಯೋಗಾಲಯಕ್ಕೆ ಬಂದ. ಅದರೊಳಗೆ ರೋಹು, ಕಟ್ಲಾ, ಬೆರಳುದ್ದದ ಮರಿಗಳು. ಎಲ್ಲ ಸತ್ತಿದ್ದವು. ಅವನ ದೋಣಿಯಲ್ಲೇ ನೋಡಲು ಹೋದೆ. ನಾಥಸಾಗರ ಜಲಾಶಯದ ನೀರು ಹಿಂದೆ ಸರಿದಿತ್ತು. ನೀರು ಬಿಟ್ಟ ಕೆಸರಿನಲ್ಲಿ ಜನ ಕಲ್ಲಂಗಡಿ ಹಾಕಿದ್ದರು, ಪಂಪುಗಳು ಸಾಲಾಗಿ ನೀರು ಎಳೆಯುತ್ತಿದ್ದವು. ಚಳಿಗಾಲದಲ್ಲಿ ರಾಜಹಂಸಗಳು ನಿಲ್ಲುವ ತೆಳುನೀರಿನ ಜಾಗ ನಿಮಗೆ ಗೊತ್ತು. ಅಲ್ಲಿಯೇ, ವಾಳೂಜ್ ಕಾರ್ಖಾನೆಗಳ ಕಡೆಯ ಹಳ್ಳ ಬಂದು ಸೇರುವಲ್ಲಿ, ದಂಡೆಯುದ್ದಕ್ಕೂ ಮೀನು ಹೊಟ್ಟೆ ಮೇಲಾಗಿ ಬಿದ್ದಿದ್ದವು. ನೀರಿನಲ್ಲಿ ಆಮ್ಲಜನಕ ಇರಬೇಕಾದದ್ದರ ಕಾಲುಭಾಗವೂ ಇರಲಿಲ್ಲ.

ಮಧುಕರ ಹುಟ್ಟು ಹಾಕುತ್ತ ಮರಾಠಿಯಲ್ಲಿ ಕೇಳಿದ: "ತಾಈ, ಹೋದ ವರ್ಷ ಬಿಸಿಲಿಗೆ ಸತ್ತವು ಅಂದಿರಿ. ಬಿಸಿಲು ಇಡೀ ಸಾಗರಕ್ಕೆ ಬೀಳುತ್ತದೆ. ಮೀನು ಈ ಮೂಲೆಯಲ್ಲೇ ಯಾಕೆ ಸಾಯುತ್ತವೆ?" ಅವನಿಗೆ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ.

ಮರುದಿನ ಹಳ್ಳದ ಗುಂಟ ಐದು ಕಡೆ ನೀರು ತುಂಬಿಕೊಂಡೆ. ಕೊನೆಯ ಸೀಸೆ ನಿಮ್ಮ ಕಾರ್ಖಾನೆಯ ಹಿಂದಿನ ಗೋಡೆಯ ಬಳಿಯದು. ಅಲ್ಲಿ ಕೊಳೆನೀರು ಶುದ್ಧಮಾಡುವ ಘಟಕ ನಿಮ್ಮ ಕೈಯಲ್ಲಿತ್ತು. ಆ ನೀರು ಶುದ್ಧವಾಗದೆಯೇ ಹಳ್ಳಕ್ಕೆ ಬರುತ್ತಿತ್ತು.

ಊಟಕ್ಕೆ ಕೂತಾಗ ನಿಮಗೆ ಹೇಳಿದೆ. ನೀವು ರೊಟ್ಟಿ ಮುರಿಯುತ್ತ, "ಹ್ವಾದ ವರ್ಷ ಬರದಂಗ ಬರಿ, ಬಿಸಲಿಗಿ ಸತ್ತಾವ ಅಂತ" ಅಂದಿರಿ. ಘಟಕದ ಯಂತ್ರ ಕೆಟ್ಟಿತ್ತೋ, ಕರೆಂಟು ಉಳಿಸಲು ನಿಲ್ಲಿಸಿದ್ದರೋ ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ವರ್ಷ ಹಾಗೆ ಬರೆದವಳು ನಾನೇ. ನೀವು ಹೇಳಿದಿರಿ, ನಿಮ್ಮ ನೌಕರಿ ಹೋದೀತೆಂದು ಹೆದರಿ ಅಂಕಿ ತಿದ್ದಿದೆ. ಅದು ನಮ್ಮ ಮನೆಯೊಳಗಿನ ಮಾತು ಅಂದುಕೊಂಡಿದ್ದೆ. ಆದರೆ ಆ ಬೇಸಿಗೆಯ ನಂತರ ಮಧುಕರನ ಬಲೆಗೆ ಮೀನು ಬೀಳುವುದೇ ಕಡಿಮೆಯಾಯಿತು. ಹೆಂಡತಿ ಮಂದಾಕಿನಿ ವಾಳೂಜಿಗೆ ಗುತ್ತಿಗೆ ಕೆಲಸಕ್ಕೆ ಹೋಗತೊಡಗಿದಳು. ನಮ್ಮ ನಳಕ್ಕೆ ಬರುವುದೂ ಅದೇ ಸಾಗರದ ನೀರು. ಪಕ್ಕದ ಮನೆಯ ರೂಪಾ ಕೂಸಿಗೆ ಕುಡಿಸುವುದೂ ಅದನ್ನೇ.

ಈ ಸಲ ಇದ್ದದ್ದನ್ನು ಬರೆದೆ. ಅದರ ಮೇಲೆ ವಿಚಾರಣೆ ಶುರುವಾಯಿತು. ಜೂನಿನಲ್ಲಿ ಕಂಪನಿ ನಿಮ್ಮನ್ನು ನಾಸಿಕಕ್ಕೆ ಕಳಿಸಿತು. ನೀವು ನನ್ನೊಡನೆ ಒಂದು ಮಾತೂ ಆಡದೆ ಹೋದಿರಿ.

ನಾನು ಅಲ್ಲಿಗೆ ಬರಲಾರೆ. ನೀವೇ ಇಲ್ಲಿಗೆ ಬಂದು, ಘಟಕ ಯಾಕೆ ನಿಂತಿತ್ತು, ಯಾರ ಮಾತಿಗೆ ನಿಂತಿತ್ತು ಎಂಬುದನ್ನು ವಿಚಾರಣೆಯವರ ಮುಂದೆ ಹೇಳಿ. ನೀವು ಕೆಟ್ಟವರೆಂದು ನಾನು ಬರೆದಿಲ್ಲ. ಹೇಳಿದ್ದನ್ನು ಮಾಡಿದಿರಿ. ನಾನೂ ಅದನ್ನೇ ಮಾಡಿದ್ದೆ.

ಅಲಮಾರಿಯಲ್ಲಿ ಉಳಿದ ನಿಮ್ಮ ಅಂಗಿಗಳನ್ನು ಇಸ್ತ್ರಿ ಮಾಡಿಸಿಟ್ಟಿದ್ದೇನೆ.

ಇಷ್ಟಕ್ಕೆ ಪೆನ್ನು ಮುಚ್ಚುವ,
ಜಯಮಾಲಾ

ಹೇಳದೆ ಉಳಿದದ್ದು: ಇದನ್ನು ಬರೆಯುವ ಮೊದಲೇ, ಇವತ್ತು ಬೆಳಿಗ್ಗೆ, ಹೋದ ವರ್ಷದ ಅಂಕಿ ನಾನೇ ತಿದ್ದಿದ್ದೆಂದು ವಿಚಾರಣೆಯವರಿಗೆ ಬರೆದುಕೊಟ್ಟು ಬಂದೆ. ನನ್ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಯಾರು ಹೇಳಿ ಬರೆಸಿದರು ಎಂದು ಕೇಳಿದರು. ಸೋಮವಾರ ಹತ್ತು ಗಂಟೆಗೆ ಮತ್ತೆ ಕರೆದಿದ್ದಾರೆ, ಆಗ ನಿಮ್ಮ ಹೆಸರು ಹೇಳಲೇಬೇಕು. ಫೋನು ನೀವು ಎತ್ತುವುದಿಲ್ಲ, ಅದಕ್ಕೇ ಕುರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ನೀವಾಗಿಯೇ ಬಂದರೆ ನಾನು ಬಾಯಿ ತೆರೆಯುವುದಿಲ್ಲ, ನೀವೇ ಹೇಳಿ. ಸೋಮವಾರ ಒಂಬತ್ತರಿಂದ ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ.