ಅವ್ವನ ಪಾದದ ಅಳತೆ

ರಾಣೆಬೆನ್ನೂರು, ಭಾನುವಾರ

ಪ್ರೀತಿಯ ಅವ್ವ,

ಸಾರಿ, ಫೋನಿದ್ದೂ ಪತ್ರ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಪೂರ್ತಿ ಕೇಳದೆ "ಬ್ಯಾಡವಾ" ಎಂದು ಕಟ್ ಮಾಡುತ್ತಿ.

ನಮ್ಮ ಕಾಲೇಜಿನ ಮೇಕರ್ ಲ್ಯಾಬಿಗೆ ಊರಿನ ಯಾರು ಬೇಕಾದರೂ ಬಂದು ಬೇಕಾದ್ದು ಮಾಡಿಕೊಳ್ಳಬಹುದು. ಬೋರ್ಡಿನಲ್ಲಿ ಹಾಗಿದೆ, ಬರುವವರು ಮಾತ್ರ ಹುಡುಗರೇ. ಬ್ಯಾಡಗಿಯ ಹೆಂಗಸರ ಕೈ ಉರಿಯಬಾರದೆಂದು ಸೀನಿಯರ್ಸ್ ಮೆಣಸಿನಕಾಯಿ ತೊಟ್ಟು ಬಿಡಿಸುವ ಮಷಿನ್ ಮಾಡಿದ್ದಾರೆ. ಆದರೆ ನಿಂತು ತಿರುಗಿಸಬೇಕು! ನನಗೆ ತಡೆಯಲಾಗಲಿಲ್ಲ.

"ಅವರು ನೆಲದ ಮ್ಯಾಲ ಕುಂತು ಬಿಡಸ್ತಾರ್ರಿ," ಎಂದೆ.

"ಏನವಾ ಹಾಸ್ಟೆಲ್ ಮೇಡಂ, ನೀ ಯಾವಾಗ ಬಿಡಿಸೀದಿ?" ಎಂದು ಸೀನಿಯರ್ ಕಲ್ಲೇಶ ನಕ್ಕ.

"ನಾ ಅಲ್ಲರಿ, ನಮ್ಮವ್ವ ದಿನಾ ಬಿಡಸ್ತಾಳ."

ನಿನ್ನ ಕೆಲಸದ ಸುದ್ದಿ ಹಾಸ್ಟೆಲ್ಲಿನಲ್ಲಿ ಯಾರಿಗೂ ಹೇಳಬೇಡ ಎಂದು ಏಳು ವರ್ಷದಿಂದ ಹೇಳುತ್ತಿದ್ದಿ, ಅದನ್ನೇ ಹೇಳಿಬಿಟ್ಟೆ, ಅವ್ವ. ಕಲ್ಲೇಶನ ನಗು ನಿಂತಿತು. ಲ್ಯಾಬ್ ನೋಡಿಕೊಳ್ಳುವ ಶಂಭುಲಿಂಗ ಸರ್ ಗರಗಸ ತಂದು, ಕುಂತು ತಿರುಗಿಸಲು ಬರುವಂತೆ ಮಷಿನ್ ಸ್ಟ್ಯಾಂಡಿನ ನಾಲ್ಕೂ ಕಾಲು ಕತ್ತರಿಸಿಯೇಬಿಟ್ಟರು!

"ನಿಮ್ಮವ್ವನ್ನ ಕರಕೊಂಡು ಬಾ. ಅವರು ಹೇಳಿದಂಗ ಮಾಡೂಣು," ಎಂದರು.

ಮುಂದಿನ ಶನಿವಾರ ನೀಲಗಂಗವ್ವ ಚಿಗವ್ವನ ಜೊತೆ ಬಾ. ಒಂದೇ ಪ್ರಾಬ್ಲಮ್. ಲ್ಯಾಬಿನೊಳಗೆ ಕಾಲಿಗೆ ಪೆಟ್ಟಾಗದಂತೆ ಬೂಟು ಹಾಕಲೇಬೇಕು, ಇರುವವೆಲ್ಲ ಗಂಡಸರ ಸೈಜು. ನಾನು ಪೇಪರ್ ತುರುಕಿ ಹಾಕಿಕೊಳ್ಳುತ್ತೇನೆ. ನಿಮಗಿಬ್ಬರಿಗೂ ಹೊಸ ಬೂಟು ತರಿಸುತ್ತಾರಂತೆ.

ಅದಕ್ಕೇ ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇನೆ. ಇಬ್ಬರೂ ಪಾದವಿಟ್ಟು, ಸುತ್ತ ಗೆರೆ ಎಳೆದು, ಬಸ್ಸಿಗೆ ಬರುವವರ ಕೈಯಲ್ಲಿ ಲಗೂ ಕಳಿಸವ್ವ.

ನಿನ್ನ
ದಾಕ್ಷಾಯಣಿ